ಹೊಡೆಯುವವರು ಬಹಳ ಮಂದಿ, ಉಳಿಯುವವರು ಯಾರು? ಬಿರುಸಿನ ಬ್ಯಾಟರ್‌ಗಳನ್ನು ತೂಗಿ ನೋಡುವ ಬಗೆ

ದಾವಣಗೆರೆಯಲ್ಲಿ ಕ್ರಿಕೆಟ್ ವಾದಕ್ಕೆ ಹೊತ್ತು ಗೊತ್ತು ಅಂತ ಇಲ್ಲ. ಸಂಜೆ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಮುಂದೆ ನಾಲ್ಕು ಜನ ಸೇರಿದರೆ ಒಬ್ಬ ಪಂತ್ ಅಂತಾನೆ, ಇನ್ನೊಬ್ಬ ಟ್ರಾವಿಸ್ ಹೆಡ್ ಅಂತಾನೆ. ಕಾಲೇಜು ಹುಡುಗರಿಗೆ ಅಭಿಷೇಕ್ ಶರ್ಮಾ ಬಿಟ್ಟರೆ ಬೇರೆ ಹೆಸರು ಕಿವಿಗೇ ಹೋಗುವುದಿಲ್ಲ. "ಸೆಹ್ವಾಗ್ ಆಡಿದ್ದನ್ನ ನೀವು ಸರಿಯಾಗಿ ನೋಡೇ ಇಲ್ಲ, ಸುಮ್ನಿರ್ರಲೇ" ಅಂತ ನಮ್ಮ ವಯಸ್ಸಿನವರು ನಡುವೆ ಬಾಯಿ ಹಾಕುತ್ತೇವೆ. "ಅಣ್ಣಾ, ಸ್ಟ್ರೈಕ್ ರೇಟ್ ನೋಡಣ್ಣ ಮೊದ್ಲು" ಅಂತ ಒಬ್ಬ ಹುಡುಗ ಮೊಬೈಲನ್ನು ಮುಖಕ್ಕೇ ಹಿಡಿಯುತ್ತಾನೆ. ಅಲ್ಲಿಗೆ ವಾದ ಕೆಟ್ಟಿತು ಅಂತಲೇ ಲೆಕ್ಕ. ನೂರು ಚೆಂಡಿಗೆ ಎಷ್ಟು ರನ್ ಅನ್ನುವ ಆ ಒಂದು ಅಂಕಿಯಿಂದ ಯಾರು ಬೇಗ ಹೊಡೆಯುತ್ತಾರೆ ಅನ್ನುವುದು ತಿಳಿಯುತ್ತದೆ. ಹತ್ತು ವರ್ಷದ ಮೇಲೂ ಯಾರ ಹೆಸರು ಉಳಿಯುತ್ತದೆ ಅನ್ನುವುದಕ್ಕೆ ಅದು ಸಾಲದು.

ನಾನು ಊರ ಪಂದ್ಯಗಳಿಗೆ ಸ್ಕೋರ್ ಬರೆಯುವವನು. ಮ್ಯಾಟಿಂಗ್ ಮೇಲೆ ಲೆದರ್ ಬಾಲ್ ಪಂದ್ಯವಾಗಲಿ, ಹೈಸ್ಕೂಲ್ ಮೈದಾನದ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಿಯಾಗಲಿ, ಪುಸ್ತಕ ಹಿಡಿದು ಶಾಮಿಯಾನದ ಕೆಳಗೆ ಕೂರುತ್ತೇನೆ. ಈ ಕೆಲಸದಲ್ಲಿ ಕಣ್ಣು ಬೇರೆ ಥರ ಪಳಗುತ್ತದೆ. ಸಿಕ್ಸರ್ ಬಿದ್ದಾಗ ಜನ ಕುಣಿಯುತ್ತಾರೆ, ನಾವು 6 ಅಂತ ಬರೆದು ಮುಂದಕ್ಕೆ ಹೋಗುತ್ತೇವೆ. ರನ್ ಬರದ ಚೆಂಡಿಗೆ ಒಂದು ಚುಕ್ಕೆ. ಓವರಿನ ಆರೂ ಚುಕ್ಕೆಯಾದರೆ ಅವನ್ನು ಗೆರೆ ಎಳೆದು ಕೂಡಿಸಿ ಇಂಗ್ಲಿಷಿನ ಎಂ ಮಾಡುತ್ತೇವೆ, ಅದು ಮೇಡನ್. ವಿಕೆಟ್ ಸಮೇತ ಬಂದರೆ ಡಬ್ಲ್ಯು. ಬಿರುಸಿನ ಬ್ಯಾಟರ್‌ನ ಹಣೆಬರಹ ಇರುವುದು ಆ ಚುಕ್ಕೆಗಳಲ್ಲಿ. ಎರಡು ಎಂ ಬಿದ್ದ ಮೇಲೆ ಅವನು ಏನು ಮಾಡಿದ? ಅಂಗಡಿ ಮುಂದಿನ ವಾದ ಗೆಲ್ಲಬೇಕಾದರೆ ಈ ಪ್ರಶ್ನೆ ಹಿಡಿದುಕೊಳ್ಳಿ.

ಸ್ಟ್ರೈಕ್ ರೇಟ್: ಯಾವ ಕಾಲದ್ದು, ಯಾವ ಮೈದಾನದ್ದು?

ನಮ್ಮೂರಿಗೆ ಹತ್ತಿರದ ಉದಾಹರಣೆಯಿಂದಲೇ ಶುರು ಮಾಡೋಣ. 2013ರ ನವೆಂಬರ್ 2, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ರೋಹಿತ್ ಶರ್ಮಾ ಆಸ್ಟ್ರೇಲಿಯಾ ವಿರುದ್ಧ 158 ಚೆಂಡುಗಳಲ್ಲಿ 209 ಹೊಡೆದ ಪಂದ್ಯ. ಭಾರತ 383, ಆಸ್ಟ್ರೇಲಿಯಾ 326. ಎರಡೂ ಕಡೆ ಸೇರಿ 38 ಸಿಕ್ಸರ್. ಆ ದಿನ ಬೌಲಿಂಗ್ ಮಾಡಿದವರಲ್ಲಿ ನಮ್ಮ 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ಕೂಡ ಒಬ್ಬರು. ಒಂಬತ್ತು ಓವರ್, 102 ರನ್, ಒಂದು ವಿಕೆಟ್. ಅದೇ ಅವರ ಕೊನೆಯ ಏಕದಿನ ಪಂದ್ಯವೂ ಆಯಿತು. ಪ್ರಥಮ ದರ್ಜೆಯಲ್ಲಿ 504 ವಿಕೆಟ್ ತೆಗೆದ, ಕರ್ನಾಟಕಕ್ಕೆ ನಾಯಕನಾಗಿ ಸತತ ಎರಡು ರಣಜಿ ಟ್ರೋಫಿ ತಂದುಕೊಟ್ಟ ಬೌಲರ್ ಅವರು. ಅಂಥವರಿಗೂ ಹಾಗಾಯಿತು ಅಂದರೆ ಬೌಲರ್‌ನನ್ನು ಬೈಯುವುದಕ್ಕಿಂತ ಮೊದಲು ಆ ದಿನದ ನಿಯಮ ನೋಡಬೇಕು. ಆಗ ಪವರ್ ಪ್ಲೇ (ಫೀಲ್ಡಿಂಗ್ ನಿರ್ಬಂಧ ಹೆಚ್ಚಿರುವ ಓವರ್‌ಗಳು) ಮುಗಿದ ಮೇಲೂ 30 ಗಜದ ವೃತ್ತದ ಹೊರಗೆ ನಾಲ್ಕೇ ಫೀಲ್ಡರ್ ನಿಲ್ಲಬಹುದಿತ್ತು. ಎರಡು ತುದಿಗೆ ಎರಡು ಹೊಸ ಚೆಂಡು. ಚೆಂಡು ಹಳತಾಗುತ್ತಲೇ ಇರಲಿಲ್ಲ, ಹಳೆ ಚೆಂಡು ಗಾಳಿಯಲ್ಲಿ ಉಲ್ಟಾ ತಿರುಗುವ ರಿವರ್ಸ್ ಸ್ವಿಂಗ್ ಮಾತು ದೂರ. ಮೇಲೆ ಚಿನ್ನಸ್ವಾಮಿಯ ಬೌಂಡರಿ ಎಷ್ಟು ಹತ್ತಿರ ಅನ್ನುವುದು ಆರ್‌ಸಿಬಿ ಅಭಿಮಾನಿಗಳಿಗೆ ಹೇಳಿಕೊಡಬೇಕಿಲ್ಲ.

ಅದೇ ಪಂದ್ಯದಲ್ಲಿ ಜೇಮ್ಸ್ ಫಾಕ್ನರ್ 73 ಚೆಂಡುಗಳಲ್ಲಿ 116 ಹೊಡೆದ. ಸ್ಟ್ರೈಕ್ ರೇಟೇ ತಕ್ಕಡಿ ಅನ್ನುವುದಾದರೆ ಆ ರಾತ್ರಿ ಫಾಕ್ನರ್ ರೋಹಿತ್‌ಗಿಂತ ದೊಡ್ಡ ಬ್ಯಾಟರ್. ಫಾಕ್ನರ್ ಇಡೀ ಏಕದಿನ ಬದುಕಿನಲ್ಲಿ ಹೊಡೆದ ಶತಕ ಅದೊಂದೇ.

ಈಗ ಹಿಂದಕ್ಕೆ ಹೋಗಿ. ವೆಸ್ಟ್ ಇಂಡೀಸ್‌ನ ವಿವಿಯನ್ ರಿಚರ್ಡ್ಸ್ ಏಕದಿನ ಸ್ಟ್ರೈಕ್ ರೇಟ್ 90. ಇವತ್ತಿನ ಹುಡುಗರಿಗೆ ಅದು ನಿಧಾನ ಅನ್ನಿಸುತ್ತದೆ. ಆದರೆ 1983ರ ವಿಶ್ವಕಪ್ ಫೈನಲ್‌ನಲ್ಲಿ 60 ಓವರ್ ಇದ್ದಾಗ ನಾವು 183 ಮಾಡಿ ಗೆದ್ದೆವು ಅನ್ನುವುದನ್ನು ನೆನಪಿಸಿಕೊಂಡು ಆ 90 ನೋಡಿ. ಹೆಲ್ಮೆಟ್ ಹಾಕದ ಮನುಷ್ಯ ಬೇರೆ. 47ರ ಸರಾಸರಿಯಲ್ಲಿ 90ರ ವೇಗ, ಅದೂ ಉಳಿದವರೆಲ್ಲ ಓವರಿಗೆ ನಾಲ್ಕು ಬಂದರೆ ಸಾಕು ಅನ್ನುತ್ತಿದ್ದ ಕಾಲದಲ್ಲಿ. ಬೇರೆ ಬೇರೆ ಕಾಲದ ಇಬ್ಬರನ್ನು ಹೋಲಿಸುವಾಗ ಅವರ ಅಂಕಿಗಳನ್ನು ಎದುರುಬದುರು ಇಡಬೇಡಿ. ಇಬ್ಬರೂ ತಮ್ಮ ಕಾಲದ ಉಳಿದ ಬ್ಯಾಟರ್‌ಗಳಿಗಿಂತ ಎಷ್ಟು ಮುಂದಿದ್ದರು ಅನ್ನುವುದನ್ನು ಎದುರುಬದುರು ಇಡಿ. ಈ ತಕ್ಕಡಿಯಲ್ಲಿ ರಿಚರ್ಡ್ಸ್ ಮುಂದೆ ಇವತ್ತಿಗೂ ಯಾರನ್ನು ಇಡುವುದು ಅಂತ ನನಗೆ ಹೊಳೆಯುವುದಿಲ್ಲ.

ಸರಾಸರಿ, ಶತಕ

ಇವೆರಡನ್ನು ಬೇಗ ಮುಗಿಸುತ್ತೇನೆ. ಪಾಕಿಸ್ತಾನದ ಶಾಹಿದ್ ಅಫ್ರಿದಿ 1996ರಲ್ಲಿ ನೈರೋಬಿಯಲ್ಲಿ 37 ಚೆಂಡಿಗೆ ಶತಕ ಹೊಡೆದಾಗ ಶಾಲೆಗೆ ಹೋಗುವ ಹುಡುಗರೆಲ್ಲ ಅವನಂತೆಯೇ ಬ್ಯಾಟು ಬೀಸತೊಡಗಿದರು. ಆ ದಾಖಲೆ ಹದಿನೇಳು ವರ್ಷ ಉಳಿಯಿತು. 398 ಏಕದಿನ ಪಂದ್ಯ ಆಡಿದ ಮೇಲೆ ಅವನ ಬ್ಯಾಟಿಂಗ್ ಸರಾಸರಿ 23.57. ವೇಗಕ್ಕೆ ಅವನಿಗಿಂತ ಹಿಂದೆ ಬಿದ್ದಿದ್ದ ಸೆಹ್ವಾಗ್ ಟೆಸ್ಟ್‌ನಲ್ಲಿ 104 ಪಂದ್ಯಗಳಿಂದ 8586 ರನ್, ಸರಾಸರಿ 49.34, ಸ್ಟ್ರೈಕ್ ರೇಟ್ 82. ಇಬ್ಬರ ನಡುವಿನ ವ್ಯತ್ಯಾಸ ಶತಕದ ಎಣಿಕೆಗಿಂತ ಶತಕದ ಗಾತ್ರದಲ್ಲಿ ಕಾಣುತ್ತದೆ. ಸೆಹ್ವಾಗ್‌ನ 23 ಶತಕಗಳಲ್ಲಿ ಆರು 200 ದಾಟಿದವು, ಅವುಗಳಲ್ಲಿ ಎರಡು 300 ದಾಟಿದವು: ಮುಲ್ತಾನ್‌ನ 309, ಚೆನ್ನೈನ 319. ಹೊಡೆಯುವ ಬ್ಯಾಟರ್ ನೂರು ದಾಟಿದ ಮೇಲೂ ಹಸಿವು ಇಟ್ಟುಕೊಂಡರೆ ಎದುರಾಳಿಗೆ ಪಂದ್ಯದಲ್ಲಿ ಉಳಿಯಲು ದಾರಿಯೇ ಇರುವುದಿಲ್ಲ.

ಇನ್ನು ಶತಕದ ಎಣಿಕೆ ಎಷ್ಟು ಸುಳ್ಳು ಹೇಳುತ್ತದೆ ಅನ್ನುವುದಕ್ಕೆ ಪಕ್ಕದ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಸಾಕು. 1975ರ ಜನವರಿ, ಮದರಾಸು. ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಇನಿಂಗ್ಸ್. ಭಾರತ 190ಕ್ಕೆ ಆಲೌಟ್, ಅದರಲ್ಲಿ ವಿಶಿ ಔಟಾಗದೆ 97. ಒಂದು ಕಡೆ ವಿಕೆಟ್ ಬೀಳುತ್ತಲೇ ಇದ್ದಾಗ ಕಟ್ ಮಾಡುತ್ತಲೇ ಹೋದರು. ಶತಕಗಳ ಪಟ್ಟಿಯಲ್ಲಿ ಆ ಇನಿಂಗ್ಸ್ ಸಿಗುವುದೇ ಇಲ್ಲ.

ಮದ್ದು ಸಿಕ್ಕ ಮೇಲೆ

ಬ್ಯಾಟರ್‌ನ ಕೊರತೆ ಬೌಲರ್‌ಗಳಿಗೆ ಗೊತ್ತಾದ ಮೇಲೆ ಅವನು ಏನು ಮಾಡುತ್ತಾನೆ? ಇದೇ ನನ್ನ ಮುಖ್ಯ ತಕ್ಕಡಿ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಪ್ರತಿ ವರ್ಷ ಒಬ್ಬ ಹೊಸ ಹುಡುಗ ಬರುತ್ತಾನೆ. ಮೊದಲ ಪಂದ್ಯದಲ್ಲಿ ಅವನ ಸಾಲು ನನ್ನ ಪುಸ್ತಕದಲ್ಲಿ 4, 6, 6, 1, 6 ಅಂತ ಓಡುತ್ತದೆ. ಮೈಕ್ ಹಿಡಿದವನು ಗಂಟಲು ಹರಿದುಕೊಳ್ಳುತ್ತಾನೆ, ಯಾರೋ ಐನೂರು ರೂಪಾಯಿ ಬಹುಮಾನ ಘೋಷಿಸುತ್ತಾರೆ. ಅದನ್ನು ಬೌಂಡರಿ ಗೆರೆ ಆಚೆ ಕೂತ ಎದುರಾಳಿ ತಂಡದ ನಾಯಕ ನೋಡುತ್ತಿರುತ್ತಾನೆ. ಹುಡುಗನ ಎಡಗಾಲು ಲೆಗ್ ಕಡೆಗೆ ಸರಿಯುತ್ತದೆ, ಹೊಡೆತವೆಲ್ಲ ಮಿಡ್ ವಿಕೆಟ್ ಮೇಲೆಯೇ ಹೋಗುತ್ತದೆ. ಸೆಮಿಫೈನಲ್‌ಗೆ ಬರುವ ಹೊತ್ತಿಗೆ ಆಫ್ ಸ್ಟಂಪ್ ಆಚೆ ನಿಧಾನದ ಚೆಂಡು, ಲಾಂಗ್ ಆಫ್‌ನಲ್ಲಿ ಒಬ್ಬ, ಡೀಪ್ ಪಾಯಿಂಟ್‌ನಲ್ಲಿ ಒಬ್ಬ. ಪುಸ್ತಕದಲ್ಲಿ ಚುಕ್ಕೆ, ಚುಕ್ಕೆ, ಚುಕ್ಕೆ, ಆಮೇಲೆ ಕ್ಯಾಚ್. ಮುಂದಿನ ವರ್ಷ ಅವನು ಆಫ್ ಕಡೆ ಹೊಡೆಯಲು ಕಲಿತು ಬಂದರೆ ಅವನ ಹೆಸರು ಬರೆದುಕೊಳ್ಳುತ್ತೇನೆ. ಹೆಚ್ಚಿನವರು ಕಲಿತು ಬರುವುದಿಲ್ಲ, ಇನ್ನೂ ಜೋರಾಗಿ ಬೀಸಲು ಕಲಿತು ಬರುತ್ತಾರೆ.

ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲೂ ನಡೆಯುವುದು ಇದೇ. ಅಲ್ಲಿ ನೋಡುವವನ ಕೈಯಲ್ಲಿ ವಿಡಿಯೊ ಇರುತ್ತದೆ, ಚೆಂಡು ಹಾಕುವವನು 145 ಕಿಲೊಮೀಟರ್ ವೇಗದಲ್ಲಿ ಹಾಕುತ್ತಾನೆ, ಅಷ್ಟೇ ವ್ಯತ್ಯಾಸ.

ವಿನೋದ್ ಕಾಂಬ್ಳಿಯನ್ನು ನೋಡಿ. 1993ರಲ್ಲಿ ಇಂಗ್ಲೆಂಡ್ ವಿರುದ್ಧ 224, ಮುಂದಿನ ಟೆಸ್ಟ್‌ನಲ್ಲೇ ಜಿಂಬಾಬ್ವೆ ವಿರುದ್ಧ 227, ಆಮೇಲೆ ಶ್ರೀಲಂಕಾದಲ್ಲಿ ಎರಡು ಶತಕ. ನಾಲ್ಕೂ ಒಂದೇ ವರ್ಷದಲ್ಲಿ. 1994ರ ಏಪ್ರಿಲ್‌ನಲ್ಲಿ ಶಾರ್ಜಾದಲ್ಲಿ ಶೇನ್ ವಾರ್ನ್‌ನ ಒಂದೇ ಓವರ್‌ನಲ್ಲಿ 22 ಬಾಚಿದ. ಅದೇ ವರ್ಷದ ಕೊನೆಗೆ ವೆಸ್ಟ್ ಇಂಡೀಸ್ ವೇಗಿಗಳು ಬಂದು ಚೆಂಡನ್ನು ಅವನ ಎದೆ ಎತ್ತರಕ್ಕೆ ಎಬ್ಬಿಸಿದರು. ಅದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. 1995ರಲ್ಲಿ ಕೊನೆಯ ಟೆಸ್ಟ್ ಆಡಿದಾಗ ವಯಸ್ಸು 23, ಸರಾಸರಿ 54.20. ಸರಾಸರಿ ಮಾತ್ರ ನೋಡುವವರು ಅವನನ್ನು ಸೆಹ್ವಾಗ್‌ಗಿಂತ ಮೇಲೆ ಕೂರಿಸಬೇಕಾಗುತ್ತದೆ.

ಆಸ್ಟ್ರೇಲಿಯಾದ ಆಡಂ ಗಿಲ್‌ಕ್ರಿಸ್ಟ್‌ಗೂ ಮದ್ದು ಸಿಕ್ಕಿತ್ತು. 2005ರ ಆಶಸ್‌ನಲ್ಲಿ (ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿ) ಇಂಗ್ಲೆಂಡ್‌ನ ಫ್ಲಿಂಟಾಫ್ ರೌಂಡ್ ದಿ ವಿಕೆಟ್, ಅಂದರೆ ಸ್ಟಂಪಿನ ಇನ್ನೊಂದು ಬದಿಯಿಂದ ಬಂದು, ಚೆಂಡನ್ನು ಒಳಗೆ ಕೋನ ಮಾಡಿ, ಬೀಸಲು ಜಾಗವನ್ನೇ ಕೊಡಲಿಲ್ಲ. ಐದು ಟೆಸ್ಟ್‌ಗಳಲ್ಲಿ ಗಿಲ್‌ಕ್ರಿಸ್ಟ್‌ಗೆ ಬಂದಿದ್ದು 181 ರನ್, ಒಂದು ಅರ್ಧಶತಕವೂ ಇಲ್ಲ. ಮುಂದಿನ ಆಶಸ್‌ನಲ್ಲಿ, 2006ರ ಡಿಸೆಂಬರ್, ಪರ್ತ್‌ನಲ್ಲಿ ಅದೇ ಇಂಗ್ಲೆಂಡ್ ವಿರುದ್ಧ 57 ಚೆಂಡಿಗೆ ಶತಕ ಹೊಡೆದ. ಅದಾದ ನಾಲ್ಕು ತಿಂಗಳಿಗೆ ವಿಶ್ವಕಪ್ ಫೈನಲ್‌ನಲ್ಲಿ 104 ಚೆಂಡಿಗೆ 149.

ಡೇವಿಡ್ ವಾರ್ನರ್ ಕತೆ ಈ ಎರಡರ ನಡುವೆ ಎಲ್ಲೋ ಇದೆ. 2019ರ ಆಶಸ್‌ನಲ್ಲಿ ಸ್ಟುವರ್ಟ್ ಬ್ರಾಡ್ ರೌಂಡ್ ದಿ ವಿಕೆಟ್ ಬಂದು ಅವನನ್ನು ಏಳು ಸಲ ಔಟ್ ಮಾಡಿದ. ಹತ್ತು ಇನಿಂಗ್ಸ್‌ಗಳಲ್ಲಿ 95 ರನ್. ಅದೇ ವರ್ಷದ ನವೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 335. ಎರಡೂ ಒಬ್ಬನದೇ, ಮೂರು ತಿಂಗಳೂ ಅಂತರವಿಲ್ಲ. 26 ಟೆಸ್ಟ್ ಶತಕ ಹೊಡೆದ ವಾರ್ನರ್‌ಗೆ ಇಂಗ್ಲೆಂಡ್‌ನಲ್ಲೂ ಭಾರತದಲ್ಲೂ ಒಂದೂ ಟೆಸ್ಟ್ ಶತಕ ಬರಲಿಲ್ಲ. ದೊಡ್ಡ ಆಟಗಾರ, ಸಂಶಯವಿಲ್ಲ. ರಿಚರ್ಡ್ಸ್, ಗಿಲ್‌ಕ್ರಿಸ್ಟ್ ಸಾಲಿನಲ್ಲಿ ನಾನು ಕೂರಿಸುವುದಿಲ್ಲ.

ರಿಚರ್ಡ್ಸ್ ಶುರುವಾಗಿದ್ದೂ ಬೆಂಗಳೂರಿನಲ್ಲೇ. 1974ರ ನವೆಂಬರ್, ಚಿನ್ನಸ್ವಾಮಿಯ ಮೊಟ್ಟಮೊದಲ ಟೆಸ್ಟ್. ಗ್ರೀನಿಜ್ ಕೂಡ ಅವತ್ತೇ ಪದಾರ್ಪಣೆ ಮಾಡಿ 93 ಮತ್ತು 107 ಹೊಡೆದ. ರಿಚರ್ಡ್ಸ್‌ಗೆ ಸಿಕ್ಕಿದ್ದು 4 ಮತ್ತು 3, ಎರಡೂ ಸಲ ನಮ್ಮ ಚಂದ್ರಶೇಖರ್ ಅವರಿಗೆ ವಿಕೆಟ್. ಮುಂದಿನ ಟೆಸ್ಟ್‌ಗೆ ದೆಹಲಿಗೆ ಹೋಗಿ ಔಟಾಗದೆ 192. ಒಂದು ವರ್ಷದ ಮೇಲೆ ಆಸ್ಟ್ರೇಲಿಯಾದಲ್ಲಿ ಲಿಲ್ಲಿ, ಥಾಮ್ಸನ್ ಎದುರು ಮತ್ತೆ ತಡವರಿಸಿದ. ವೆಸ್ಟ್ ಇಂಡೀಸ್ ಸರಣಿಯನ್ನು 5-1ರಲ್ಲಿ ಸೋತಿತು. ಪ್ರವಾಸದ ಕೊನೆಕೊನೆಗೆ ಇನಿಂಗ್ಸ್ ಆರಂಭಿಸಲು ಕಳಿಸಿದಾಗ ಅಡಿಲೇಡ್‌ನಲ್ಲಿ ಶತಕ ಬಂತು. ಆ ಶತಕವೂ ಸೇರಿ 1976ರಲ್ಲಿ ಹನ್ನೊಂದು ಟೆಸ್ಟ್, 1710 ರನ್, ಏಳು ಶತಕ, ಓವಲ್‌ನಲ್ಲಿ 291. ಒಂದು ಕ್ಯಾಲೆಂಡರ್ ವರ್ಷದ ಆ ಮೊತ್ತ ಮೂವತ್ತು ವರ್ಷ ದಾಖಲೆಯಾಗಿತ್ತು. ಎರಡು ಸಲ ಮದ್ದು ಸಿಕ್ಕಿತು, ಎರಡು ಸಲವೂ ಅದನ್ನು ಜೀರ್ಣಿಸಿಕೊಂಡ.

ಹಾಗಾದರೆ ಹೊಸ ಆಟಗಾರನ ವಿಷಯದಲ್ಲಿ ಯಾವಾಗ ತೀರ್ಪು ಕೊಡುವುದು? ನನ್ನ ಲೆಕ್ಕ ಸರಳ. ಇಪ್ಪತ್ತು ಟೆಸ್ಟ್ ಆಗುವವರೆಗೆ ಬಾಯಿ ಮುಚ್ಚಿಕೊಂಡಿರುವುದು. ಅಷ್ಟರಲ್ಲಿ ಎಲ್ಲ ದೊಡ್ಡ ತಂಡಗಳೂ ಒಂದು ಸುತ್ತು ಅವನನ್ನು ನೋಡಿರುತ್ತವೆ. ಆಮೇಲೆ ಮೊದಲು ಕೆಡವಿದ ಬೌಲರ್ ಎದುರು ಎರಡನೇ ಸಲ ಬಂದಾಗ ಏನಾಯಿತು ಅಂತ ಹುಡುಕುವುದು. ಐಪಿಎಲ್‌ನಲ್ಲಿ ಹದಿನಾಲ್ಕನೇ ವಯಸ್ಸಿಗೇ 35 ಚೆಂಡಿಗೆ ಶತಕ ಹೊಡೆದ ವೈಭವ್ ಸೂರ್ಯವಂಶಿಯನ್ನು ಈಗಲೇ ಲಾರಾ ಅನ್ನುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಕಣ್ಣು, ಕೈ ಎರಡೂ ಅಪರೂಪದವು ಅನ್ನುವಷ್ಟನ್ನು ಆ ಶತಕ ಹೇಳುತ್ತದೆ. ಮಗು, ಆಡಲಿ ಬಿಡಿ.

ಸೆಹ್ವಾಗ್ ಬಗ್ಗೆ ಕಹಿ ಮಾತು

ಸೆಹ್ವಾಗ್ ಅಂದರೆ ನನಗೆ ಪ್ರಾಣ. ಆದರೂ ತಕ್ಕಡಿ ಎಲ್ಲರಿಗೂ ಒಂದೇ ಇರಬೇಕಲ್ಲ. ಇಂಗ್ಲೆಂಡ್, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಮೂರೂ ಕಡೆ ಅವನ ಟೆಸ್ಟ್ ಸರಾಸರಿ 30 ಮುಟ್ಟಲಿಲ್ಲ. 2011ರಲ್ಲಿ ಎಡ್ಜ್‌ಬಾಸ್ಟನ್‌ನಲ್ಲಿ ಎರಡೂ ಇನಿಂಗ್ಸ್ ಮೊದಲ ಚೆಂಡಿಗೇ ಔಟ್. ತಂಡದ ಎರಡನೇ ಇನಿಂಗ್ಸ್‌ನಲ್ಲಿ ಅವನ ಶತಕ ಒಂದೇ ಒಂದು, 2008ರ ಅಡಿಲೇಡ್‌ನ 151.

ಇದನ್ನೆಲ್ಲ ಕಳೆದ ಮೇಲೂ ಅವನು ಏಕೆ ನಿಲ್ಲುತ್ತಾನೆ ಅಂದರೆ ಶ್ರೀಲಂಕಾದ ಗಾಲ್‌ನಿಂದಾಗಿ. 2008ರ ಆ ಸರಣಿಯಲ್ಲಿ ಅಜಂತಾ ಮೆಂಡಿಸ್ ಹೊಸಬ. ಬೆರಳಿನಿಂದ ಚಿಮ್ಮಿಸಿ ಹಾಕುವ ಅವನ ಕೇರಂ ಬಾಲ್ ದ್ರಾವಿಡ್, ಲಕ್ಷ್ಮಣ್ ಅಂಥವರಿಗೂ ತಿಳಿಯಲಿಲ್ಲ. ಮೂರು ಟೆಸ್ಟ್‌ಗಳಲ್ಲಿ 26 ವಿಕೆಟ್ ಕಿತ್ತ. ಇನ್ನೊಂದು ತುದಿಯಲ್ಲಿ ಮುತ್ತಯ್ಯ ಮುರಳೀಧರನ್. ಅಂಥ ಕಡೆ ಸೆಹ್ವಾಗ್ ಮೊದಲಿನಿಂದ ಕೊನೆಯವರೆಗೆ ನಿಂತು, ತಂಡದ 329ರಲ್ಲಿ ಔಟಾಗದೆ 201 ಮಾಡಿದ. ಭಾರತ ಆ ಟೆಸ್ಟ್ ಗೆದ್ದಿತು. ವೇಗಿಗಳ ಚೆಂಡು ಬಿದ್ದು ಅತ್ತಿತ್ತ ಸರಿಯುವ, ಸೀಮ್ ಆಗುವ ಪಿಚ್ ಅವನದಲ್ಲ, ತಿರುಗುವ ಪಿಚ್ ಅವನದು. ಆ ಎಲ್ಲೆಯೊಳಗೆ ಅವನಂಥ ಆರಂಭಿಕ ಇನ್ನೊಬ್ಬ ಬಂದಿಲ್ಲ. ಹೋಲಿಸುವಾಗ ಈ ಎಲ್ಲೆಯನ್ನು ಹೇಳಿಬಿಟ್ಟರೆ ಅಭಿಮಾನಿಗೂ ಅನ್ಯಾಯವಿಲ್ಲ, ಲೆಕ್ಕಕ್ಕೂ ಅನ್ಯಾಯವಿಲ್ಲ.

ಹೊಡೆಯದೆಯೂ ಇರಬಲ್ಲನೇ?

ಎಬಿ ಡಿವಿಲಿಯರ್ಸ್‌ಗೆ ಇಲ್ಲಿ ಪರಿಚಯ ಬೇಡ. 2015ರ ಜನವರಿಯಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 31 ಚೆಂಡಿಗೆ ಶತಕ, ಒಟ್ಟು 44 ಚೆಂಡಿಗೆ 149. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಅಶ್ವಿನ್, ಜಡೇಜ ಎದುರು ಟೆಸ್ಟ್ ಉಳಿಸಿಕೊಳ್ಳಲು 297 ಚೆಂಡು ಆಡಿ 43. ನನ್ನಂಥವನು ಆ ಇನಿಂಗ್ಸ್‌ಗೆ ಸ್ಕೋರ್ ಬರೆದಿದ್ದರೆ ಪೆನ್ನಿನ ಶಾಯಿ ಚುಕ್ಕೆಗೇ ಮುಗಿಯುತ್ತಿತ್ತು. ದಕ್ಷಿಣ ಆಫ್ರಿಕಾ ಕೊನೆಗೆ ಸೋತಿತು, ಅದು ಬೇರೆ ಮಾತು. ಕೈ ಒಂದೇ, ಬ್ಯಾಟು ಒಂದೇ, ವರ್ಷವೂ ಒಂದೇ. ಪಂದ್ಯ ಏನು ಕೇಳಿತೋ ಅದನ್ನು ಕೊಟ್ಟ.

ಹೊಡೆಯುವುದು ಒಬ್ಬನಿಗೆ ಆಯ್ಕೆಯೋ ಚಟವೋ ಅನ್ನುವುದು ತಿಳಿಯುವುದು ಇಂಥ ಇನಿಂಗ್ಸ್‌ನಲ್ಲೇ. ಇಡೀ ದಿನ ಕಟ್ಟಿಕೊಂಡು ಆಡಬೇಕಾದ ಸಂದರ್ಭದಲ್ಲಿ 15 ಚೆಂಡಿಗೆ 22 ಹೊಡೆದು, "ನನ್ನ ಸಹಜ ಆಟ ಇದೇ" ಅಂದುಬಿಡುವವರು ಬಹಳ. ಅದಕ್ಕೆ ನಮ್ಮ ಊರಲ್ಲಿ ಬೇರೆ ಮಾತಿದೆ, ಇಲ್ಲಿ ಬರೆಯುವಂತಿಲ್ಲ.

ಕ್ರಮಾಂಕವನ್ನೂ ನೋಡಿ. ಹೊಸ ಚೆಂಡಿನ ಎದುರು ನಿಲ್ಲುವವನನ್ನು, ಬೌಲರ್‌ಗಳು ದಣಿದ ಮೇಲೆ ಏಳನೆಯವನಾಗಿ ಬರುವವನ ಜೊತೆ ಸುಮ್ಮನೆ ಹೋಲಿಸಬಾರದು. ಗಿಲ್‌ಕ್ರಿಸ್ಟ್ ಎಷ್ಟೋ ಸಲ ಮುನ್ನೂರು ದಾಟಿದ ಮೇಲೆ ಬಂದ. 1999ರಲ್ಲಿ ಹೋಬಾರ್ಟ್‌ನಲ್ಲಿ 369 ಬೆನ್ನಟ್ಟುವಾಗ ಪಾಕಿಸ್ತಾನದ ವೇಗಿಗಳ ಎದುರು ಔಟಾಗದೆ 149 ಮಾಡಿದ್ದೂ ಅವನೇ, ಅದಕ್ಕೇ ಅವನು ಬಚಾವು.

ಈಗಿನವರಲ್ಲಿ ಯಾರು?

ರಿಷಭ್ ಪಂತ್‌ಗೆ ನನ್ನ ಮೊದಲ ಸ್ಥಾನ, ಅದಕ್ಕೆ ಕಾರಣ ಬ್ರಿಸ್ಬೇನ್‌ನ ಗಾಬಾ ಮೈದಾನದಲ್ಲಿ ಹೊಡೆದ 89 ಅಲ್ಲ. ಸಿಡ್ನಿ, 2025ರ ಜನವರಿ. ಹಿಂದಿನ ಟೆಸ್ಟ್‌ನಲ್ಲಿ ಕೆಟ್ಟ ಹೊಡೆತಕ್ಕೆ ಔಟಾಗಿ ದೇಶವೆಲ್ಲ ಬೈದಿತ್ತು. ಮೊದಲ ಇನಿಂಗ್ಸ್‌ನಲ್ಲಿ ಮೈಗೆಲ್ಲ ಪೆಟ್ಟು ತಿಂದುಕೊಂಡು 98 ಚೆಂಡಿಗೆ 40. ಎರಡನೇ ಇನಿಂಗ್ಸ್‌ನಲ್ಲಿ ಅದೇ ಪಿಚ್, ಅದೇ ಬೌಲರ್‌ಗಳು, 33 ಚೆಂಡಿಗೆ 61. 2025ರ ಇಂಗ್ಲೆಂಡ್ ಪ್ರವಾಸ ಮುಗಿಯುವಾಗ ಅವನ ಎಂಟು ಟೆಸ್ಟ್ ಶತಕಗಳಲ್ಲಿ ನಾಲ್ಕು ಇಂಗ್ಲೆಂಡ್‌ನಲ್ಲಿ, ಒಂದೊಂದು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಲ್ಲಿ. ಕೇಪ್‌ಟೌನ್‌ನಲ್ಲಿ ತಂಡ 198ಕ್ಕೆ ಮುಗಿದಾಗ ಔಟಾಗದೆ 100. ಸೆಹ್ವಾಗ್ ಎಡವಿದ ನೆಲದಲ್ಲೇ ಇವನು ಎದ್ದಿದ್ದಾನೆ. 2024ರಲ್ಲಿ ವಾಂಖೆಡೆಯಲ್ಲಿ ಚೆಂಡು ಗಿರಗಿರ ತಿರುಗುವಾಗ 60 ಮತ್ತು 64 ಕೂಡ ಹೊಡೆದ, ನಾವು ಸೋತೆವು ಅಷ್ಟೇ. ಸೋಜಿಗ ಅಂದರೆ ಇದೇ ಪಂತ್ ಅಂತರರಾಷ್ಟ್ರೀಯ ಟಿ20ಯಲ್ಲಿ ತೀರಾ ಸಾಧಾರಣ. ಫೀಲ್ಡರ್‌ಗಳು ಹತ್ತಿರ ನಿಂತಾಗ ಅವನಿಗೆ ದಾರಿ ಕಾಣುತ್ತದೆ, ಎಲ್ಲರೂ ಬೌಂಡರಿಗೆ ಹೋಗಿ ನಿಂತರೆ ಕಾಣುವುದಿಲ್ಲ ಅಂತ ನನ್ನ ಊಹೆ. ಸ್ಟ್ರೈಕ್ ರೇಟ್ ಹಿಡಿದು ವಾದಿಸುವವರಿಗೆ ಇದನ್ನು ಕೇಳಿ ನೋಡಿ, ಉತ್ತರ ಇರುವುದಿಲ್ಲ.

ಹ್ಯಾರಿ ಬ್ರೂಕ್ ಅಂಕಿಗಳು ಇವರೆಲ್ಲರಿಗಿಂತ ಸುಂದರ. ಆದರೆ 2024ರ ಪಾಕಿಸ್ತಾನ ಪ್ರವಾಸವನ್ನು ಬಿಡಿಸಿ ನೋಡಿ. ಮುಲ್ತಾನ್‌ನ ಮೊದಲ ಟೆಸ್ಟ್‌ನಲ್ಲಿ 322 ಚೆಂಡಿಗೆ 317. ಪಿಚ್ ಬೆಣ್ಣೆದೋಸೆ ಕಾವಲಿಯಷ್ಟು ನುಣುಪು. ಪಾಕಿಸ್ತಾನ 556 ಮಾಡಿ, ಇಂಗ್ಲೆಂಡ್ 823 ಮಾಡಿ, ಕೊನೆಗೆ ಪಾಕಿಸ್ತಾನ ಇನಿಂಗ್ಸ್ ಸೋಲು ಕಂಡಿತು. ಮುಂದಿನ ಟೆಸ್ಟ್‌ಗೆ ಅವರು ಅದೇ ಬಳಸಿದ ಪಿಚ್ ಕೊಟ್ಟು ನೊಮಾನ್ ಅಲಿ, ಸಾಜಿದ್ ಖಾನ್ ಕೈಗೆ ಚೆಂಡು ಇಟ್ಟರು. ಉಳಿದ ಎರಡು ಟೆಸ್ಟ್‌ಗಳಲ್ಲಿ ಬ್ರೂಕ್‌ಗೆ ಒಂದು ಅರ್ಧಶತಕವೂ ಬರಲಿಲ್ಲ. ಅದೇ ವರ್ಷದ ಭಾರತ ಪ್ರವಾಸಕ್ಕೆ ಮನೆಯ ಕಾರಣಕ್ಕೆ ಬಂದಿರಲಿಲ್ಲ. ವೆಲಿಂಗ್ಟನ್‌ನ ಹಸಿರು ಪಿಚ್ ಮೇಲೆ ಅವನ ಶತಕಗಳು ನಿಜಕ್ಕೂ ದೊಡ್ಡವು. ಸ್ಪಿನ್ ಪರೀಕ್ಷೆ ಬಾಕಿ ಇದೆ.

ಯಶಸ್ವಿ ಜೈಸ್ವಾಲ್‌ನನ್ನು ಹೊಡಿಬಡಿ ಆಟಗಾರ ಅನ್ನಬಹುದೇ ಅಂತ ಕೆಲವರು ಕೇಳುತ್ತಾರೆ. ರಾಜ್‌ಕೋಟ್‌ನಲ್ಲಿ ಒಂದೇ ಟೆಸ್ಟ್ ಇನಿಂಗ್ಸ್‌ನಲ್ಲಿ ಹನ್ನೆರಡು ಸಿಕ್ಸರ್ ಹೊಡೆದವನನ್ನು ಇನ್ನೇನು ಅನ್ನುವುದು? ಇಂಗ್ಲೆಂಡ್ ವಿರುದ್ಧದ ಆ 2024ರ ಸರಣಿಯಲ್ಲಿ 712 ರನ್. ನನಗೆ ಅದಕ್ಕಿಂತ ಮುಖ್ಯ ಅದೇ ವರ್ಷ ಆಸ್ಟ್ರೇಲಿಯಾ ಎದುರಿನ ಪರ್ತ್. ಮೊದಲ ಇನಿಂಗ್ಸ್‌ನಲ್ಲಿ ಸ್ಟಾರ್ಕ್ ಸೊನ್ನೆಗೆ ಕಳಿಸಿದ. ಎರಡನೆಯದರಲ್ಲಿ 297 ಚೆಂಡು ನಿಂತು 161. ಮದ್ದು ಅರೆಯುವಷ್ಟರಲ್ಲೇ ಇವನು ಪಥ್ಯ ಕಲಿತಿದ್ದ. 2025ರ ನವೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಇನ್ನೊಬ್ಬ ಎಡಗೈ ವೇಗಿ ಮಾರ್ಕೊ ಯಾನ್ಸನ್ ಎರಡೂ ಇನಿಂಗ್ಸ್‌ಗಳಲ್ಲಿ ಅವನನ್ನು ಕೆಡವಿದ. ಯಾನ್ಸನ್ ಎದುರು ಮುಂದಿನ ಸರಣಿ ಬಂದಾಗ ಮೊದಲ ಹತ್ತು ಓವರ್ ಬಿಡದೆ ನೋಡಬೇಕು. ನನ್ನ ಎರಡನೇ ಸ್ಥಾನ ಇವನಿಗೆ.

ಟ್ರಾವಿಸ್ ಹೆಡ್ ಹೆಸರು ಹೇಳಿದರೆ ಹೊಟ್ಟೆ ಉರಿಯುತ್ತದೆ, ಆದರೂ ಹೇಳಲೇಬೇಕು. 2023ರ ಜೂನ್‌ನಲ್ಲಿ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ 163, ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ 47ಕ್ಕೆ ಮೂರು ವಿಕೆಟ್ ಬಿದ್ದ ಮೇಲೂ ಹೊಡೆದು ಮುಗಿಸಿದ 137. 2025ರಲ್ಲಿ ಪರ್ತ್‌ನಲ್ಲಿ ಗಾಯಗೊಂಡ ಖವಾಜ ಜಾಗದಲ್ಲಿ ಆರಂಭಿಕನಾಗಿ ಬಂದು 83 ಚೆಂಡಿಗೆ 123. ಆಶಸ್ ಟೆಸ್ಟ್ ಎರಡೇ ದಿನಕ್ಕೆ ಮುಗಿಯಿತು. ದೊಡ್ಡ ದಿನಕ್ಕೆ ಇವನಷ್ಟು ಸರಿಯಾಗಿ ಎದ್ದು ನಿಲ್ಲುವವನು ಈಗ ಯಾರೂ ಇಲ್ಲ. ಟೆಸ್ಟ್ ಶತಕಗಳ ಬಹುಪಾಲು ಆಸ್ಟ್ರೇಲಿಯಾದ ನೆಲದಲ್ಲೇ ಬಂದಿವೆ ಅನ್ನುವುದು ಅವನ ಕೊರತೆ. ಬ್ರೂಕ್, ಹೆಡ್ ಇಬ್ಬರಲ್ಲಿ ಒಬ್ಬರನ್ನೇ ಆರಿಸು ಅಂದರೆ ಒಂದು ಪಂದ್ಯಕ್ಕೆ ಹೆಡ್, ಹತ್ತು ವರ್ಷಕ್ಕೆ ಬ್ರೂಕ್.

ಅಭಿಷೇಕ್ ಶರ್ಮಾನನ್ನು ಈ ಸಾಲಿಗೆ ತರುವುದಿಲ್ಲ ಅಂದರೆ ಕಾಲೇಜು ಹುಡುಗರಿಗೆ ಸಿಟ್ಟು. 2025ರ ಫೆಬ್ರುವರಿಯಲ್ಲಿ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ 54 ಚೆಂಡಿಗೆ 135, ಹದಿಮೂರು ಸಿಕ್ಸರ್. ಅದನ್ನು ನೋಡಿ ನಾನೂ ಕುರ್ಚಿ ಬಿಟ್ಟು ಎದ್ದಿದ್ದೆ. ಆದರೆ ಅವನು ದೊಡ್ಡ ಹೆಸರು ಮಾಡಿದ್ದು ಟಿ20ಯಲ್ಲಿ. ಅಲ್ಲಿ ಬೌಲರ್‌ಗೆ ನಾಲ್ಕೇ ಓವರ್, ಮದ್ದು ಅರೆಯಲು ಪುರಸೊತ್ತೇ ಇಲ್ಲ. ಹೋಲಿಸಲೇಬೇಕು ಅಂದರೆ ಕ್ರಿಸ್ ಗೇಲ್ ಜೊತೆ ಹೋಲಿಸಿ. ಹಾಗೆ ಹೋಲಿಸುವಾಗ ಚಿನ್ನಸ್ವಾಮಿಯಲ್ಲಿ 66 ಚೆಂಡಿಗೆ ಔಟಾಗದೆ 175 ಹೊಡೆದ ಗೇಲ್‌ನ ಖಾತೆಯಲ್ಲಿ 103 ಟೆಸ್ಟ್, 7214 ರನ್, ಆಂಟಿಗಾದ 317 ಮತ್ತು ಗಾಲ್‌ನ 333 ಕೂಡ ಇವೆ ಅನ್ನುವುದು ಗೊತ್ತಿರಲಿ.